ಅಕ್ಕನಿಗೆ ಹೇಳಿದ ಊಟ

ಅಕ್ಕನಿಗೆ ಮೊದಲು ರೊಟ್ಟಿ ಇಳಿಯದಾಯಿತು. ಆಮೇಲೆ ಕಡುಬು, ಆಮೇಲೆ ಅನ್ನ. ಗಂಜಿಯೂ ಗಂಟಲಲ್ಲೇ ನಿಲ್ಲುತ್ತದೆ ಎಂದು ಅವಳು ಬಾಯಿಬಿಟ್ಟು ಹೇಳುವ ಹೊತ್ತಿಗೆ ತಡವಾಗಿತ್ತು. ಗೋಣಿಬೀಡಿನ ಕಡೆ ನೆಂಟರ ಮದುವೆಯೊಂದರಲ್ಲಿ ಅವಳು ಎಲೆಯ ಮುಂದೆ ಕೂತು, ಪಾಯಸವನ್ನು ಬೆರಳಲ್ಲಿ ಸವರಿ ನಾಲಿಗೆಗಿಟ್ಟುಕೊಂಡು ಎದ್ದುಬಿಟ್ಟದ್ದನ್ನು ನಾನು ನೋಡಿದ್ದೆ. ಕೇಳಿದರೆ "ಗ್ಯಾಸು ಮಾರಾಯ" ಅಂದಳು. ನಂಬಿದೆವು. ನಮ್ಮ ಕಡೆ ಯಾರಿಗೆ ಏನೇ ಆದರೂ ಮೊದಲು ಅದು ಗ್ಯಾಸೇ ಆಗಿರುತ್ತದೆ.

ಮಂಗಳೂರಿನ ಆಸ್ಪತ್ರೆಯಲ್ಲಿ ಅನ್ನನಾಳದ ಕ್ಯಾನ್ಸರ್ ಅಂದರು. ಆಪರೇಷನ್ ಮಾಡುವ ಹಂತ ದಾಟಿದೆ ಅಂದರು. ಕೆಲವು ವಾರ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟು, ಹೊಟ್ಟೆಯ ಮೇಲೆ ಸಣ್ಣ ತೂತು ಮಾಡಿ ರಬ್ಬರಿನ ನಳಿಗೆಯೊಂದನ್ನು ಕೂರಿಸಿ, ಇನ್ನು ಊಟವೆಲ್ಲ ಇದರಲ್ಲೇ ಎಂದು ಹೇಳಿ ಕಳಿಸಿದರು. ಭಾವನ ಮನೆ ಕಳಸದಿಂದಲೂ ಮೇಲೆ. ಬಸ್ಸಿಳಿದ ಮೇಲೆ ಜೀಪು ಸಿಕ್ಕರೆ ಜೀಪು, ಇಲ್ಲದಿದ್ದರೆ ತೋಟದ ನಡುವೆ ನಡಿಗೆ. ಅಲ್ಲಿ ನಳಿಗೆ ಕಟ್ಟಿಕೊಂಡರೆ ಎಲ್ಲಿಗೆ ಓಡುವುದು? ಅವರಿಗೆ ಮಕ್ಕಳೂ ಇರಲಿಲ್ಲ. ಹಾಗಾಗಿ ಅಕ್ಕನನ್ನು ಮೂಡಿಗೆರೆಯ ನಮ್ಮ ಮನೆಗೆ ಕರೆತಂದೆವು. ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ. ಮದುವೆ ಕಾಗದ, ಎಸ್ಟೇಟಿನ ರಸೀದಿ ಪುಸ್ತಕ, ಅರ್ಜಿ, ಕರಾರು ಇವನ್ನೆಲ್ಲ ಟೈಪು ಮಾಡಿಕೊಡುವ ಕೆಲಸ. ಅಂಗಡಿಯ ಹಿಂದೆಯೇ ಬಾಡಿಗೆ ಮನೆ. ನಾನು, ಹೆಂಡತಿ, ಈಗ ಅಕ್ಕ.

ಅಕ್ಕ ನನಗಿಂತ ತುಂಬಾ ದೊಡ್ಡವಳು. ಅವ್ವ ಬೇಗ ಹೋದದ್ದರಿಂದ ನನಗೆ ಉಣ್ಣಿಸಿ ಬೆಳೆಸಿದ್ದು ಅವಳೇ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಕಳಸದ ಕಡೆಗೆ ಮದುವೆಯಾಗಿ ಹೋದ ಮೇಲೆ ಆ ಸುತ್ತಿನ ನೆಂಟರ ಮನೆಗಳಲ್ಲಿ ಏನು ಕಾರ್ಯವಿದ್ದರೂ ಅಡುಗೆಯ ಉಸ್ತುವಾರಿ ಅವಳದ್ದಾಯಿತು. ಸಾರು ಕುದಿಯುವುದನ್ನು ದೂರದಿಂದ ನೋಡಿಯೇ "ಇನ್ನೂ ಹುಳಿ ಹಾಕಿಲ್ಲ" ಅನ್ನುವಳು. ಯಾರ ಅಡುಗೆಯನ್ನಾದರೂ ಅವಳು ಬಾಯಿಬಿಟ್ಟು ಹೊಗಳಿದ್ದನ್ನು ನಾನು ಕೇಳಿಲ್ಲ. ಅಂಥವಳಿಗೆ ನನ್ನ ಹೆಂಡತಿ ಗಂಜಿತಿಳಿ, ಹಾಲು, ಸೋಸಿದ ಬೇಳೆಕಟ್ಟನ್ನು ದೊಡ್ಡ ಸಿರಿಂಜಿನಲ್ಲಿ ತುಂಬಿ ನಳಿಗೆಗೆ ನಿಧಾನವಾಗಿ ಬಿಡುತ್ತಿದ್ದಳು. ಆಗೆಲ್ಲ ಅಕ್ಕ ಕಣ್ಣು ಮುಚ್ಚಿಕೊಂಡು ಮಲಗಿರುತ್ತಿದ್ದಳು. ಹೊಟ್ಟೆ ತುಂಬುತ್ತಿತ್ತು. ಬಾಯಿಗೆ ಅದರ ಸುದ್ದಿಯೇ ಇರುತ್ತಿರಲಿಲ್ಲ.

ಮೊದಲ ದಿನಗಳಲ್ಲಿ ನಾವು ಅಡುಗೆಮನೆಯ ಬಾಗಿಲು ಹಾಕಿಕೊಂಡು ಬೇಯಿಸುತ್ತಿದ್ದೆವು. ಒಗ್ಗರಣೆ ಹಾಕುವುದನ್ನೇ ಬಿಟ್ಟಿದ್ದಳು ನನ್ನ ಹೆಂಡತಿ. ನನ್ನ ತಟ್ಟೆಯನ್ನು ಅಂಗಡಿಗೆ ತಂದುಕೊಡುವಳು. ಅವಳು ಅಡುಗೆಮನೆಯಲ್ಲೇ ನಿಂತುಕೊಂಡು ಉಣ್ಣುವಳು. ಒಂದು ಮಧ್ಯಾಹ್ನ ಅಕ್ಕ ಮಂಚದ ಮೇಲಿಂದಲೇ ಕೂಗಿದಳು.

"ಯಾಕೆ ಕಳ್ರ ಹಾಗೆ ಉಣ್ತೀರಿ? ಬಾಗ್ಲು ತೆಗಿ. ವಾಸ್ನೆನಾದ್ರೂ ಬರ್ಲಿ."

ಹೆಂಡತಿ ಬಾಗಿಲು ತೆಗೆದಳು. ನಾನು ಅಕ್ಕನ ಹತ್ತಿರ ಹೋಗಿ ಕೂತೆ.

"ಏನ್ ಸಾರು ಇವತ್ತು?"

"ಬಸಳೆ ಸೊಪ್ಪಿಂದು."

"ಹೇಗಾಗಿತ್ತು?"

"ಚೆನ್ನಾಗಿತ್ತು."

"ಚೆನ್ನಾಗಿತ್ತು ಅನ್ನೋದೂ ಒಂದು ಮಾತೇನೋ? ಇಷ್ಟೆಲ್ಲ ಉಂಡು ಬಂದು, ನಂಗೆ ಬರೀ ಇಷ್ಟು ಕೊಡ್ತೀಯಲ್ಲ" ಎಂದು ಅಕ್ಕ ಗೋಡೆಯ ಕಡೆಗೆ ಹೊರಳಿದಳು.

ಮರುದಿನ ಸರಿಯಾಗಿ ಹೇಳಬೇಕೆಂದು ಹೆಂಡತಿಯನ್ನು ಕೇಳಿಕೊಂಡು, ಏನೇನು ಹಾಕಿದಳು, ಯಾವುದರ ನಂತರ ಯಾವುದು, ಎಷ್ಟು ಹೊತ್ತು ಬೇಯಿಸಿದಳು ಎಲ್ಲ ಒಪ್ಪಿಸಿದೆ. ಅದಕ್ಕೂ ಅಕ್ಕ ಹೊರಳಿದಳು. "ಅದು ನಂಗೇ ಗೊತ್ತಲ್ಲ" ಅಂದಳು. ಅವಳಿಗೆ ಬೇಕಾದದ್ದು ಏನೆಂದು ನನಗೆ ತಿಳಿದದ್ದು ಬೂತಾಯಿ ಮೀನು ತಂದ ದಿನ.

ಬಣಕಲ್‌ನಲ್ಲಿ ಮಂಗಳೂರಿನ ಮೀನಿನ ಗಾಡಿ ನಿಂತಿತ್ತು. ಅಲ್ಲಿಗೆ ಹೋದವನು ತಂದಿದ್ದೆ. ಉಂಡು ಕೈತೊಳೆದು ಅಕ್ಕನ ಮುಂದೆ ಕೂತಾಗ, ಏನು ಹೇಳುವುದೆಂದು ತೋಚದೆ ಬಾಯಿಗೆ ಬಂದದ್ದನ್ನು ಹೇಳಿದೆ.

"ಅವಕ್ಕೆ ಚಾರ್ಮಾಡಿ ಘಾಟಿ ತಿರುವು ಆಗಿಬಂದಿರ್ಲಿಲ್ಲ ಅಕ್ಕ. ಕಣ್ಣು ಕೆಂಪಾಗಿ, ಬಾಯಿ ಬಿಟ್ಕೊಂಡು, ಬಸ್ಸಲ್ಲಿ ಕಿಟಕಿ ಸೀಟು ಸಿಗ್ದೆ ಬಂದೋರ ಹಾಗೆ ಒಬ್ರ ಮೇಲೊಬ್ರು ಬಿದ್ಕೊಂಡಿದ್ವು. ಇವ್ಳು ಮೈಗೆಲ್ಲ ಅರಿಶಿನ ಹಚ್ಚಿ, ಉಪ್ಪು ಖಾರ ಸವರಿ ಸಮಾಧಾನ ಮಾಡಿದ್ಲು. ಕಾವಲಿ ಮೇಲೆ ಹಾಕಿದ್ದೇ ತಡ, ಈ ಊರು ಬೇಡ, ನಮ್ಮನ್ನ ವಾಪಸ್ ಸಮುದ್ರಕ್ಕೆ ಬಿಡಿ ಅಂತ ಚಟಪಟ ಜಗಳಕ್ಕೆ ನಿಂತ್ವು."

ಅಕ್ಕ ಹೊಟ್ಟೆಯ ಮೇಲಿನ ನಳಿಗೆಯನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡು ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ. ನಗು ನಿಂತ ಮೇಲೆ, "ಚೂರು ಅಕ್ಕಿಹಿಟ್ಟು ಹಾಕಿದ್ರೆ ಗರಿಗರಿ ಬರ್ತಿತ್ತು" ಅಂದಳು. ಅವಳು ತಿಂದಳು ಅನ್ನಿಸಿತು ನನಗೆ.

ಅಲ್ಲಿಂದ ದಿನಾ ಊಟವಾದ ಮೇಲೆ ಅದೇ ಕೆಲಸ. ನಾನು ಮೊದಲಿನಿಂದಲೂ ಬಾಯಾಳಿ. ಗಿರಾಕಿಗಳು ಕಾಗದಕ್ಕಿಂತ ನನ್ನ ಮಾತಿಗೆ ಬರುತ್ತಾರೆ ಎಂದು ಹೆಂಡತಿ ಬೈಯುತ್ತಿದ್ದಳು. ಆದರೆ ಊಟವನ್ನು ಹೇಳುವುದು ಬೇರೆಯೇ ಕಸುಬು ಎಂದು ನನಗೆ ಗೊತ್ತಿರಲಿಲ್ಲ. ರುಚಿಯಾಗಿತ್ತು, ಘಮಘಮ ಅನ್ನುತ್ತಿತ್ತು ಎಂದರೆ ಅಕ್ಕನ ಮುಖ ಸತ್ತುಹೋಗುತ್ತಿತ್ತು. ಆ ಮಾತುಗಳನ್ನು ಎಷ್ಟೋ ಜನ ಎಷ್ಟೋ ಸಲ ಉಂಡು ಬಿಟ್ಟಿದ್ದರು, ಅವುಗಳಲ್ಲಿ ಏನೂ ಉಳಿದಿರಲಿಲ್ಲ. ಪಾತ್ರೆಯೊಳಗಿನ ಪದಾರ್ಥಕ್ಕೆ ಒಂದು ಬುದ್ಧಿ, ಒಂದು ಹಟ, ಒಂದು ಊರು ಕೊಟ್ಟರೆ ಮಾತ್ರ ಅವಳ ಕಣ್ಣು ನನ್ನ ಮೇಲೆ ನಿಲ್ಲುತ್ತಿತ್ತು. ಹಾಗೆಂದು ಸುಳ್ಳು ನಡೆಯುತ್ತಿರಲಿಲ್ಲ. ಕಡುಬಿನ ಬಗ್ಗೆ ಒಮ್ಮೆ ಹೇಳಿದೆ: "ಹಬೆ ಪಾತ್ರೆಲಿ ಮದ್ವೆ ಬಸ್ಸಿನ ಹೆಂಗಸ್ರ ಹಾಗೆ ಒತ್ಕೊಂಡು ಕೂತಿದ್ವು. ಒಬ್ಳು ಎದ್ರೆ ಪಕ್ಕದೋಳ ಸೆರಗೂ ಜೊತೆಗೆ ಬರ್ತಿತ್ತು."

ಅಕ್ಕ ನಗುವ ಮೊದಲೇ ಒಳಗೆ ಕೂಗಿದಳು: "ನೀರು ಜಾಸ್ತಿ ಹಾಕಿದೀಯಲ್ಲೇ! ಹಿಟ್ಟು ಗಟ್ಟಿ ಕೂಡಿಸ್ಬೇಕು." ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಹೌದು ಅತ್ತಿಗೆ, ಇವತ್ತು ಸ್ವಲ್ಪ ಹಾಗೇ ಆಯ್ತು" ಎಂದು ಒಪ್ಪಿಕೊಂಡಳು. ತಮಾಷೆಯ ಒಳಗೆ ಅಡುಗೆ ನಿಜವಾಗಿ ಇರಬೇಕಿತ್ತು. ಒಮ್ಮೆ ನಾನು ಹುರುಪಿನಲ್ಲಿ ಮಾತಿನ ಮೇಲೆ ಮಾತು ಪೋಣಿಸುತ್ತಾ ಹೋದಾಗ ಅವಳು ಕೈ ಎತ್ತಿ ತಡೆದಳು. "ಆಗಿಂದ ಬರೀ ಒಗ್ಗರಣೆ ಹಾಕ್ತಾ ಇದೀಯಲ್ಲೋ, ಅನ್ನ ಎಲ್ಲಿ?"

ಭಾವ ತಿಂಗಳಿಗೆ ಒಂದೆರಡು ಸಲ ಕಳಸದ ಬಸ್ಸಿನಲ್ಲಿ ಬರುತ್ತಿದ್ದರು. ಎಳೆ ಬಿದಿರಿನ ಕಳಲೆ, ಕೆಸುವಿನ ಎಲೆ, ಜೀರಿಗೆ ಮೆಣಸು, ಮನೆಯ ಕಾಫಿಪುಡಿ, ಏನಾದರೊಂದು ಚೀಲದಲ್ಲಿ ಇದ್ದೇ ಇರುತ್ತಿತ್ತು. ಬರಿಗೈಯಲ್ಲಿ ಹೆಂಡತಿಯನ್ನು ನೋಡಲು ಬರುವುದು ಅವರಿಗೆ ತಿಳಿಯುತ್ತಿರಲಿಲ್ಲ. ಮಂಚದ ಪಕ್ಕದಲ್ಲಿ ಕೂತು, ಕಾಫಿ ಹಣ್ಣು ಯಾವ ಕಡೆ ಕುಯ್ದಾಯಿತು, ಮೇಸ್ತ್ರಿ ಏನಂದ ಎಂದು ಎರಡು ಮಾತು ಹೇಳುವರು. ಅಕ್ಕ ಕಾಫಿ ತರಿಸಿ ಒಂದು ಗುಟುಕು ಬಾಯಲ್ಲಿಟ್ಟುಕೊಂಡು, ಆ ಕಡೆ ಈ ಕಡೆ ಆಡಿಸಿ, ಬಟ್ಟಲಿಗೆ ಉಗಿಯುತ್ತಿದ್ದಳು. ತಮ್ಮ ತೋಟದ ಕಾಫಿಯನ್ನು ಹೆಂಡತಿ ಹಾಗೆ ಉಗಿಯುವಾಗ ಭಾವ ಎದ್ದು ಹೊರಗೆ ಬಂದು ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದರು.

ಬ್ಲಾಗು ಶುರುವಾದದ್ದು ಅಕ್ಕನ ದೆಸೆಯಿಂದಲೇ. ಅವಳಿಗೆ ಹಿಂದಿನ ವಾರದ ಊಟ ಮತ್ತೆ ಬೇಕಾಗುತ್ತಿತ್ತು. "ಆ ಕಳಲೆದು ಇನ್ನೊಂದ್ಸಲ ಹೇಳೋ" ಅನ್ನುವಳು. ಎರಡನೇ ಸಲ ಹೇಳುವಾಗ ಅದೇ ಮಾತು ಬರುತ್ತಿರಲಿಲ್ಲ, ಅವಳು ತಪ್ಪು ಹಿಡಿಯುತ್ತಿದ್ದಳು. ಮರೆಯಬಾರದೆಂದು ಅಂಗಡಿಯಲ್ಲಿ ಬಿಡುವಾದಾಗ ಟೈಪು ಮಾಡಿಡತೊಡಗಿದೆ. ಪರೀಕ್ಷೆಯ ರಿಸಲ್ಟ್ ತೆಗೆದುಕೊಡಲು ಆಗತಾನೇ ಇಂಟರ್ನೆಟ್ ಹಾಕಿಸಿದ್ದೆ. ಕನ್ನಡದಲ್ಲಿ ಜನ ಬ್ಲಾಗ್ ಬರೆಯುವುದನ್ನು ಅಲ್ಲೇ ನೋಡಿದ್ದೆ. ಅಡುಗೆಯ ಬ್ಲಾಗುಗಳೂ ಇದ್ದವು. ಬೇಕಾಗುವ ಸಾಮಗ್ರಿಗಳು, ಮಾಡುವ ವಿಧಾನ, ಉಪ್ಪು ರುಚಿಗೆ ತಕ್ಕಷ್ಟು. ಓದಿದರೆ ಔಷಧಿಯ ಚೀಟಿಯಂತೆ ಇರುತ್ತಿದ್ದವು. ನಾನೂ ಹೆಸರು ಹಾಕದೆ ಕಳಲೆಯ ಪಲ್ಯವನ್ನು ಏರಿಸಿದೆ. ನೀರಿನಲ್ಲಿ ಮುಳುಗಿ ಕೂತ ಕಳಲೆ ದಿನಗಟ್ಟಲೆ ಯಾರ ಹತ್ತಿರವೂ ಮಾತಾಡುವುದಿಲ್ಲ, ದಿನಾ ನೀರು ಬದಲಿಸಿ ಪುಸಲಾಯಿಸುತ್ತಲೇ ಇರಬೇಕು, ಮುನಿಸು ಪೂರ್ತಿ ಇಳಿಯುವ ಮೊದಲು ಒಲೆಗೆ ಹಾಕಿದಿರೋ ಆ ಸಿಟ್ಟು ನಿಮ್ಮ ಹೊಟ್ಟೆಯಲ್ಲಿ ತೀರುತ್ತದೆ ಎಂದು ಅಕ್ಕನಿಗೆ ಹೇಳಿದ ಹಾಗೇ ಬರೆದಿದ್ದೆ.

ಕೆಲವೇ ದಿನಗಳಲ್ಲಿ ಯಾರು ಯಾರೋ ಬಂದು ಓದಿದರು. ರಾಯಚೂರಿನ ಕಡೆಯ ಒಬ್ಬರು, ಕಳಲೆಯನ್ನು ಕಣ್ಣಲ್ಲೂ ನೋಡಿಲ್ಲ, ಆದರೆ ಅದರ ಜೊತೆ ಜಗಳವಾಡಿ ಬಂದ ಹಾಗಾಯಿತು ಎಂದು ಬರೆದಿದ್ದರು. ಶಿವಮೊಗ್ಗದ ಹೆಂಗಸೊಬ್ಬರು ನಾನೂ ಹೆಂಗಸೇ ಎಂದುಕೊಂಡು "ಅಕ್ಕಾ, ನಿಮ್ಮ ಯಜಮಾನರು ಪುಣ್ಯವಂತರು" ಎಂದಿದ್ದರು. ನಾನು ಇವನ್ನೆಲ್ಲ ಪ್ರಿಂಟ್ ತೆಗೆದು ಅಕ್ಕನ ಮುಂದೆ ಓದುತ್ತಿದ್ದೆ. ಅವಳು ಇನ್ನೊಮ್ಮೆ ಓದಿಸುವಳು. "ಆ ಶಿವಮೊಗ್ಗದೋಳು ಇವತ್ತೇನಂದ್ಲು?" ಎಂದು ನಾನು ಒಳಗೆ ಬರುವ ಮೊದಲೇ ಕೇಳುವಳು. ಇಡೀ ಜೀವನ ಬಡಿಸಿದವಳಿಗೆ ಮತ್ತೆ ಪಂಕ್ತಿ ಸಿಕ್ಕಿದ ಹಾಗಿತ್ತು. ಯಾರೋ ಒಬ್ಬರು, ಇಷ್ಟು ಚೆನ್ನಾಗಿ ತಮಾಷೆಯಾಗಿ ಬರೆಯಲು ಹೇಗೆ ಕಲಿತಿರಿ, ನಮಗೂ ಹೇಳಿಕೊಡಿ ಎಂದು ಕೇಳಿದ್ದರು. ಅದನ್ನು ಓದಿದಾಗ ಅಕ್ಕ ನಗಲಿಲ್ಲ.

"ತಿನ್ನೋಕಾಗ್ದಿರೋರ ಎದ್ರು ಕೂತು ಹೇಳಿ ನೋಡ್ಲಿ, ಬರುತ್ತೆ ಅಂತ ಬರಿ" ಅಂದಳು.

ನಾನು ಹಾಗೆ ಬರೆಯಲಿಲ್ಲ. ಏನೋ ಹಾಗೇ ಬರುತ್ತೆ ಎಂದು ಬರೆದೆ.

ಓದುಗರು ಹೆಚ್ಚಾಗಿ ಬರೆಯುತ್ತಿದ್ದ ಮಾತು ಒಂದೇ. ಓದುತ್ತಾ ಬಾಯಲ್ಲಿ ನೀರೂರಿತು. ನನಗೆ ಅದು ಹೆಮ್ಮೆ. ಒಂದು ದಿನ ಅದನ್ನು ಅಕ್ಕನಿಗೆ ಓದಿ ಹೇಳಿ ಅಂಗಡಿಗೆ ಹೊರಟಾಗ ಹೆಂಡತಿ ಹಿತ್ತಲಿಗೆ ಕರೆದಳು. ಅವಳ ಕೈಯಲ್ಲಿ ಅಕ್ಕನ ಬಟ್ಟಲಿತ್ತು.

"ನೀವು ಹೇಳಿ ಹೋದ್ಮೇಲೆ ಇದು ತುಂಬುತ್ತೆ ರೀ" ಅಂದಳು. "ಬಾಯಿಗೆ ಬಂದ ನೀರೂ ಒಳಗೆ ಹೋಗಲ್ಲ ಅವ್ರಿಗೆ. ಉಗಿದೂ ಉಗಿದೂ ಸುಸ್ತಾಗ್ತಾರೆ. ಕೆಮ್ಮು ಹತ್ತಿದ್ರೆ ನಿಲ್ಲೋದೇ ಇಲ್ಲ. ನಿಮ್ಗೆ ಹೇಳ್ಬೇಡ ಅಂತ ನನ್ನ ಹತ್ರ ಆಣೆ ಹಾಕ್ಸ್ಕೊಂಡಿದಾರೆ."

ಬಟ್ಟಲನ್ನು ಅವಳು ನಲ್ಲಿಯ ಕೆಳಗೆ ಹಿಡಿದು ತೊಳೆದಳು. ಓದುವವರಿಗೆ ನೀರೂರಿದರೆ ನುಂಗಿಕೊಂಡು ತಮ್ಮ ಅಡುಗೆಮನೆಗೆ ಹೋಗುತ್ತಾರೆ. ಅಕ್ಕನಿಗೆ ಹೋಗುವ ಜಾಗ ಇರಲಿಲ್ಲ. ನಾನು ಎಷ್ಟು ಚೆನ್ನಾಗಿ ಹೇಳಿದರೆ ಅವಳಿಗೆ ಅಷ್ಟು ಹಿಂಸೆ.

ಮರುದಿನ ಹೋಗಿ ಕೂತವನು ಸಪ್ಪೆಯಾಗಿ ಹೇಳಿದೆ. ಅನ್ನ, ತಿಳಿಸಾರು, ಹುರುಳಿಕಾಯಿ ಪಲ್ಯ. ಅದರ ಮರುದಿನವೂ ಹಾಗೇ. ಮೂರನೆಯ ದಿನ ಅಕ್ಕ ಹೆಂಡತಿಯನ್ನು ಕರೆದು, "ಹೇಳ್ಬಿಟ್ಯಾ?" ಎಂದು ಕೇಳಿದಳು. ಹೆಂಡತಿ ತಲೆ ತಗ್ಗಿಸಿದಳು.

ಅಕ್ಕ ನನ್ನ ಕೈ ಹಿಡಿದುಕೊಂಡಳು. ಅವಳ ಕೈ ಅಷ್ಟೊತ್ತಿಗೆ ಒಣಗಿದ ಕಡ್ಡಿಯಂತಾಗಿತ್ತು. "ನೋಡು, ಹಸಿವಾಗ್ತಿದೆ ಅಂತ ಗೊತ್ತಾಗೋದೇ ಆಗ. ಅದೂ ಇಲ್ದಿದ್ರೆ ಸತ್ತೋಳಿಗೂ ನಂಗೂ ಏನು ವ್ಯತ್ಯಾಸ? ಹೇಳು. ಸರಿಯಾಗಿ ಹೇಳು."

ಹೇಳಿದೆ. ಬಟ್ಟಲು ಹತ್ತಿರ ಇಟ್ಟುಕೊಂಡೇ ಹೇಳಿದೆ. ಅವಳು ನಗುವಳು, ಉಗಿಯುವಳು, ಕೆಮ್ಮುವಳು, ಒರೆಸಿಕೊಂಡು "ಆಮೇಲೆ?" ಅನ್ನುವಳು. ಏನೇ ಆದರೂ ನನ್ನ ಮಾತು ಮಾತ್ರ ಕುಣಿಯುತ್ತಲೇ ಇರಬೇಕಿತ್ತು. ಆ ದಿನಗಳ ಬರಹವೇ ಜನರಿಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು. ಏಡಿ ಸಾರಿನ ಬಗ್ಗೆ ಬರೆದದ್ದನ್ನು ಒಬ್ಬರು ಇನ್ನೊಬ್ಬರಿಗೆ ಕಳಿಸಿ, ಅದು ಸುತ್ತಿ ಸುತ್ತಿ ಚಿಕ್ಕಮಗಳೂರಿನ ನನ್ನ ಪೇಪರ್ ಸಪ್ಲೈಯರ್ ಕೈಗೇ ಬಂದು, ಅವನು ನನಗೇ ಅದನ್ನು ಓದಿ ಹೇಳಿ ನಕ್ಕ. ನಾನೂ ಅವನ ಜೊತೆ ನಕ್ಕೆ.

ಕಾಫಿ ಹೂವಾಗುವ ಹೊತ್ತಿಗೆ ಅಕ್ಕನಿಗೆ ನೋವು ಮಿತಿಮೀರಿತು. ಮಾತ್ರೆಯನ್ನು ಅರೆದು ನಳಿಗೆಗೆ ಬಿಟ್ಟರೆ ದಿನದ ಮುಕ್ಕಾಲು ಮಂಪರು. ನಾನು ಹತ್ತಿರ ಕೂತು ಶುರುಮಾಡಿದರೆ ಅವಳ ಕಣ್ಣು ನನ್ನ ಬಾಯಿಯ ಮೇಲೆ ಇರುತ್ತಿತ್ತು, ಮಾತು ಒಳಗೆ ಹೋಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಹಲಸಿನ ಹಣ್ಣಿನ ಕಡುಬಿನ ಬಗ್ಗೆ ನನಗೆ ಗೊತ್ತಿದ್ದ ಆಟವನ್ನೆಲ್ಲ ಆಡಿದೆ. ಅವಳಿಗೆ ಅದೆಂದರೆ ಪ್ರಾಣ. ಅರ್ಧಕ್ಕೆ ಬಂದಾಗ ಅವಳು ತುಟಿ ಅಲ್ಲಾಡಿಸಿದಳು. ಬಗ್ಗಿ ಕೇಳಿದೆ.

"ಸಾಕು ಮಾರಾಯ. ಸುಮ್ನಿರು."

ಅದೇ ವಾರ ಅವಳು ಹೋದಳು. ಭಾವ ಬಂದು ತಲುಪುವಷ್ಟರಲ್ಲಿ ಮುಗಿದಿತ್ತು. ಅವರ ಚೀಲದಲ್ಲಿ ಆ ದಿನ ಏನಿತ್ತೆಂದು ನಾವು ಯಾರೂ ತೆಗೆದು ನೋಡಲಿಲ್ಲ.

ತಿಥಿಯ ಕಾಗದವನ್ನು ನಾನೇ ಟೈಪು ಮಾಡಿದೆ. ಎಷ್ಟೋ ಮನೆಗಳಿಗೆ ಮಾಡಿಕೊಟ್ಟ ಕಾಗದ, ಹೆಸರು ಮಾತ್ರ ಬದಲಿಸಿದರೆ ಸಾಕು. ಬೆರಳುಗಳು ಯಾವ ಕಷ್ಟವೂ ಇಲ್ಲದೆ ಆ ಕೆಲಸ ಮುಗಿಸಿದವು. ಕಳಸದ ಮನೆಯಲ್ಲಿ ಎಡೆಗೆ ಅವಳಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿದರು. ಕೋಳಿ ಸಾರು, ಕಡುಬು, ಒತ್ತು ಶಾವಿಗೆ, ಕಾಯಿಹಾಲು. ಬಂದವರೆಲ್ಲ ಉಂಡರು. "ಅಡುಗೆ ಚೆನ್ನಾಗಿತ್ತು" ಎಂದು ಹೇಳಿ ಕೈತೊಳೆದು ಹೋದರು.

ಬ್ಲಾಗಿನಲ್ಲಿ ಮಾತ್ರ ಜನ ಕಾಯುತ್ತಲೇ ಇದ್ದರು. ಎಲ್ಲಿ ಹೋದಿರಿ, ಹಸಿವಾಗುತ್ತಿದೆ ಎಂದು ಬರೆಯುತ್ತಿದ್ದರು. ಕೆಲವು ವಾರ ಬಿಟ್ಟು ಒಂದು ದಿನ ಉಪ್ಪಿಟ್ಟಿನ ಬಗ್ಗೆ ಬರೆದೆ. ಆ ಉಪ್ಪಿಟ್ಟನ್ನು ಯಾರೂ ಮಾಡಿರಲಿಲ್ಲ, ಯಾರೂ ತಿಂದಿರಲಿಲ್ಲ. ಸಾಸಿವೆಯನ್ನು ಚುನಾವಣೆಯ ಭಾಷಣಕ್ಕೆ ನಿಲ್ಲಿಸಿದೆ, ಉದ್ದಿನಬೇಳೆ ಮುನಿಸಿಕೊಂಡು ಕೆಂಪಾಯಿತು, ರವೆ ನೀರು ಕಂಡ ಕೂಡಲೇ ಪಕ್ಷ ಬದಲಿಸಿತು. ಹಳೆಯ ಕೀಲುಗಳನ್ನೇ ತಿರುಗಿಸುತ್ತಾ ಹೋದೆ, ಅವು ತಿರುಗಿದವು. ಅದರಲ್ಲಿ ಅನ್ನ ಎಲ್ಲಿ ಎಂದು ಯಾರೂ ಕೇಳಲಿಲ್ಲ. ನಕ್ಕು ನಕ್ಕು ಸಾಕಾಯಿತು, ನಿಮ್ಮ ಕೈಗೆ ಇನ್ನಷ್ಟು ರುಚಿ ಬಂದಿದೆ ಎಂದು ಮೆಚ್ಚಿದರು. ನನ್ನೊಳಗೆ ಏನೂ ಉಳಿದಿಲ್ಲ ಎನ್ನುವುದು ಒಬ್ಬರಿಗಾದರೂ ಗೊತ್ತಾಗಬಹುದು ಎಂದುಕೊಂಡಿದ್ದೆ. ಆಗಲಿಲ್ಲ. ಗೊತ್ತಾಗಬೇಕಾದವಳು ಓದುವವರ ಸಾಲಿನಲ್ಲಿ ಇರಲಿಲ್ಲ.

ಸತ್ಯವನ್ನೇ ಹೇಳಿಬಿಡಬೇಕೆಂದು ಮತ್ತೊಂದು ದಿನ ಕೂತೆ. ಅಕ್ಕ ಹೇಗಿದ್ದಳು, ಹೇಗೆ ಹೋದಳು, ಈ ಊಟಗಳನ್ನೆಲ್ಲ ಯಾರಿಗೆ ಹೇಳಿದ್ದು ಎಂದು ಬರೆದೆ. ನೇರವಾಗಿ ಬರೆಯಬೇಕೆಂದೇ ಹೊರಟಿದ್ದೆ. ಆದರೆ ಕೈ ಅಷ್ಟರಲ್ಲಿ ಪಳಗಿಬಿಟ್ಟಿತ್ತು. ನಮ್ಮಕ್ಕನ ಗಂಟಲಿಗೆ ಒಂದು ದಿನ ಎಸ್ಟೇಟಿನ ಹಾಗೆ ಗೇಟು ಬಿತ್ತು, ರೊಟ್ಟಿ ಬಂದು ವಾಪಸ್ ಹೋಯಿತು, ಗಂಜಿ ಬೇಲಿ ಹಾರಲು ನೋಡಿ ಸಿಕ್ಕಿಬಿತ್ತು ಎಂದೇ ಮೊದಲ ಸಾಲುಗಳು ಬಂದವು. ಅಳಿಸಿ ಬರೆದರೆ ಬೇರೆ ರೂಪದಲ್ಲಿ ಅದೇ ಬಂತು. ನನಗೆ ಬೇರೆ ಮಾತೇ ಉಳಿದಿರಲಿಲ್ಲ. ಹಾಗೇ ಏರಿಸಿದೆ. ಪೂರ್ತಿ ಓದಿದ ಒಂದಿಬ್ಬರು ಸಮಾಧಾನದ ಮಾತು ಬರೆದರು. ಉಳಿದವರಿಗೆ ಅದು ಊಟಕ್ಕೆ ಮೊದಲಿನ ತಮಾಷೆ. "ಗೇಟು ಸೂಪರ್ ಸಾರ್! ಆದ್ರೆ ರೆಸಿಪಿ ಎಲ್ಲಿ?" ಎಂದು ಒಬ್ಬರು ಕೇಳಿದ್ದರು. ಅವರ ತಪ್ಪಲ್ಲ. ನಗಬೇಕೆಂದೇ ಅವರು ಬರುತ್ತಿದ್ದದ್ದು, ಹಾಗೆ ಅಭ್ಯಾಸ ಮಾಡಿಸಿದವನು ನಾನೇ. ಆ ಬರಹವನ್ನು ಮಾತ್ರ ಅಳಿಸಿ, ಕಂಪ್ಯೂಟರ್ ಆರಿಸಿ, ಆಮೇಲೆ ಅಲ್ಲಿಗೆ ಹೋಗಲಿಲ್ಲ.

ಆ ವರ್ಷದ ಕೊನೆಗೆ ಭಾವ ಬ್ಯಾಂಕಿನ ಕೆಲಸಕ್ಕೆಂದು ಮೂಡಿಗೆರೆಗೆ ಬಂದವರು ಅಂಗಡಿಗೂ ಬಂದರು. ತುಂಬಾ ಇಳಿದುಹೋಗಿದ್ದರು. ಬೆಂಚಿನ ಮೇಲೆ ಕೂತು ಅವರೇ ಮಾತು ತೆಗೆದರು.

"ನಂಗೆ ಊಟ ಸೇರ್ತಾ ಇಲ್ಲ ಮಾರಾಯ. ನೀನು ಅವ್ಳಿಗೆ ದಿನಾ ಊಟದ್ದೇನೋ ಹೇಳಿ ನಗಿಸ್ತಿದ್ಯಂತೆ. ಪ್ರತಿ ಸಲ ಬಂದಾಗ್ಲೂ ಹೇಳೋಳು. ನಂಗೂ ಒಂದು ಹೇಳು, ನೋಡೋಣ."

ಇಲ್ಲವೆನ್ನಲು ಬಾಯಿ ಬರಲಿಲ್ಲ. "ಬೆಳಗ್ಗೆ ಇವ್ಳು ಅಕ್ಕಿ ರೊಟ್ಟಿ ತಟ್ಟಿದ್ಲು ಭಾವ" ಎಂದು ಶುರುಮಾಡಿದೆ. ಭಾವ ನನ್ನ ಕಡೆ ತಿರುಗಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಪಾಠ ಕೇಳುವವರ ಹಾಗೆ ಕೂತರು. ರೊಟ್ಟಿ ಕಾವಲಿಯ ಮೇಲೆ ಬಿತ್ತು. ಅದಕ್ಕೆ ಒಂದು ಊರು ಕೊಡಬೇಕಿತ್ತು, ಒಂದು ಹಟ ಕೊಡಬೇಕಿತ್ತು. ಏನೂ ಬರಲಿಲ್ಲ. ಭಾವ ಕಾದರು. ಅವರ ಮುಖದಲ್ಲಿ ನಗಲು ಸಿದ್ಧವಾದ ಒಂದು ಗೆರೆ ಎದ್ದು, ನಿಂತು, ಹಾಗೇ ಇಳಿಯಿತು.

"ಇರ್ಲಿ ಬಿಡು. ಬಸ್ಸಿಗೆ ಹೊತ್ತಾಯ್ತು" ಎಂದು ಎದ್ದರು.

"ಊಟ ಮಾಡ್ಕೊಂಡು ಹೋಗಿ ಭಾವ, ಅಡುಗೆ ಆಗಿದೆ."

"ಬೇಡ. ಹಸಿವಿಲ್ಲ."

ಕಳಸದ ಬಸ್ಸು ಹೊರಡುವ ತನಕ ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಬಸ್ಸು ಹೋದ ಮೇಲೆ ಅಂಗಡಿಗೆ ಬಂದೆ. ಯಾರದೋ ಗೃಹಪ್ರವೇಶದ ಕಾಗದ ಅರ್ಧಕ್ಕೆ ನಿಂತಿತ್ತು, ಅದನ್ನು ಮುಗಿಸಿದೆ.